ಜೀನ್ಸ್ ಬಟ್ಟೆಯ ಹಿಡಿ

ರಮಾಕಾಂತನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಕ್ಷೌರದ ಕತ್ತಿಯ ಹಿಡಿಯಿಂದ. ಖಾರಘರದಲ್ಲಿ ಅವನದೇ ಬಿಲ್ಡಿಂಗಿನ ಕಿಟ್ಟು, ಜೀನ್ಸ್ ಬಟ್ಟೆಯ ಪದರಗಳನ್ನು ರೆಸಿನ್ ಅಂಟಿನಲ್ಲಿ ನೆನೆಸಿ, ಒತ್ತಿ, ಗಟ್ಟಿಯಾದ ಮೇಲೆ ಕೊಯ್ದು ಉಜ್ಜಿ, ಮಡಚುವ ಕತ್ತಿಗೆ ತಾನೇ ನೀಲಿ ಹಿಡಿ ಮಾಡಿದೆನೆಂದು ಇಡೀ ಹೌಸಿಂಗ್ ಸೊಸೈಟಿಗೆ ತೋರಿಸಿಕೊಂಡು ಬಂದಿದ್ದ.

"ಕಿಟ್ಟು ಅವರ ಕೈಯಲ್ಲಿ ಎಂಥ ಕಲೆ ಇದೆ ನೋಡಿ! ನಿಮಗೆ ಗೋಡೆಗೊಂದು ಮೊಳೆ ಹೊಡೆಯೋಕೂ ಬರಲ್ಲ," ಎಂದಳು ಹೆಂಡತಿ ರುಕ್ಮಿಣಿ.

ರಮಾಕಾಂತ ಗಡ್ಡ ಹೆರೆಯುತ್ತಿದ್ದದ್ದು ಬ್ಯಾಟರಿ ಮಷಿನ್ನಿನಿಂದ. ಆದರೂ ಠಾಣೆ ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಹಿಡಿ ಮುರಿದ ಕತ್ತಿಯೊಂದನ್ನು ತಂದ. ರಬಾಳೆಯಿಂದ ರೆಸಿನ್ ಬಂತು. ಭಾನುವಾರ ರುಕ್ಮಿಣಿ ಡೊಂಬಿವಲಿಯ ತಂಗಿಯ ಮನೆಗೆ ಹೊರಟದ್ದೇ ತಡ, ಬಾಲ್ಕನಿಯಲ್ಲಿ ಕೂತು ತನ್ನ ಜೀನ್ಸಿಗೆ ಕತ್ತರಿ ಹಾಕಿದ.

ಬೇಗ ಗಟ್ಟಿಯಾಗಲೆಂದು ಹಾರ್ಡ್ನರನ್ನು ಸಾರಿಗೆ ಹುಳಿ ಹಿಂಡುವಂತೆ ಸುರಿದ. ಡಬ್ಬಿ ಹೊಗೆಯಾಡತೊಡಗಿತು. ಗಾಬರಿಯಲ್ಲಿ ಬಟ್ಟೆಗೆ ಅಂಟು ಬಳಿದು, ಎರಡು ಹಲಗೆಗಳ ನಡುವೆ ಇಟ್ಟು, ಒತ್ತಲು ಬೇರೇನೂ ಸಿಗದೆ ತಾನೇ ಮೇಲೆ ಹತ್ತಿ ನಿಂತ. ಅಂಟು ಉಕ್ಕಿ ಬಂದು ಚಪ್ಪಲಿಗಳನ್ನು ಹಿಡಿದುಕೊಂಡಿತು.

ಪಕ್ಕದ ಬಾಲ್ಕನಿಯಿಂದ ಸೊಸೈಟಿಯ ಸೆಕ್ರೆಟರಿ ಯಾಮಿನಿ ಇಣುಕಿದಳು. "ಅಂಕಲ್, ಏನಿದು ವಾಸನೆ? ಒಂದು ಗಂಟೆಯಿಂದ ಹೀಗೇ ನಿಂತಿದೀರಲ್ಲ?"

ನಿಜ ಹೇಳಿದರೆ ಐದು ನಿಮಿಷದಲ್ಲಿ ಕಿಟ್ಟು ಗುರುವಿನಂತೆ ಉಪದೇಶ ಮಾಡಲು ಬರುತ್ತಾನೆ!

"ಯೋಗ ಮಾಡ್ತಿದೀನಮ್ಮ. ವಾಸನೆ ಅಗರಬತ್ತಿದು."

ಕೊನೆಗೆ ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಇಳಿದ. ಕೊಯ್ದ, ತೂತು ಕೊರೆದ, ಕೆಮ್ಮುತ್ತಾ ಉಜ್ಜಿದ. ಹಿಡಿಗೆ ಅಲಗನ್ನು ಸೇರಿಸಲು ಹಿತ್ತಾಳೆಯ ಕಡ್ಡಿ ಬಡಿಯುವಾಗ ಹೆಬ್ಬೆರಳು ಬದನೆಕಾಯಿಯಾಯಿತು. ಆದರೆ ಸಂಜೆಗೆ ಹಿಡಿ ಸಿದ್ಧ! ಸ್ವಲ್ಪ ಸೊಟ್ಟ, ಆದರೂ ಹಿಡಿ.

ನೇರವಾಗಿ ಕಿಟ್ಟುವಿನ ಮನೆಗೆ ನುಗ್ಗಿದ. ಕಿಟ್ಟು ಅದನ್ನು ತಿರುಗಿಸಿ ನೋಡಿ ಬಿಳಿಚಿಕೊಂಡ. "ನಿಜವಾಗ್ಲೂ ನೀನೇ ಮಾಡಿದ್ಯೇನೋ? ನಾನು ಠಾಣೆ ಪಕ್ಕದ ಕಳವಾ ಊರಲ್ಲಿ ಮಾಪಣ್ಣ ಅಂತ ಒಬ್ಬರ ಅಂಗಡೀಲಿ ಕೊಂಡದ್ದು ಕಣೋ. ದಯವಿಟ್ಟು ಯಾರಿಗೂ ಹೇಳ್ಬೇಡ!"

ರಮಾಕಾಂತನಿಗೆ ಸ್ವರ್ಗಕ್ಕೆ ಮೂರೇ ಗೇಣು. ಲಿಫ್ಟಿಗೂ ಕಾಯದೆ ಕೆಳಗಿಳಿದು, ಗೇಟಿನ ಬಳಿ ಸೇರಿದ್ದವರ ಮುಂದೆ ಕೂಗಿದ: "ಕಿಟ್ಟು ಆ ಹಿಡಿ ಮಾಡಿಲ್ಲ! ಕಳವಾ ಊರಿನ ಅಂಗಡಿಯಿಂದ ಕೊಂಡು ತಂದಿದ್ದು! ನೋಡಿ, ನಾನೇ ಕೈಯಾರೆ ಮಾಡಿದ್ದು ಇದು!"

ಎಲ್ಲರೂ ಕತ್ತಿಯನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಅಂದ್ರೆ ಆ ಅಂಗಡಿ ನಿಮಗೂ ಗೊತ್ತು," ಎಂದರು ಮೂರನೇ ಮಹಡಿಯ ದಮಯಂತಿ.

"ಅಯ್ಯೋ, ಬೆಳಿಗ್ಗೆಯಿಂದ ಮಾಡಿದ್ದು ರೀ!"

"ಬೆಳಿಗ್ಗೆಯಿಂದ ಅಂಕಲ್ ಯೋಗ ಮಾಡ್ತಿದ್ರು," ಎಂದಳು ಯಾಮಿನಿ. "ನಾನೇ ನೋಡಿದೆ."

ಅಷ್ಟರಲ್ಲಿ ಆಟೋ ಇಳಿದು ಬಂದ ರುಕ್ಮಿಣಿ ಎಲ್ಲ ಕೇಳಿಸಿಕೊಂಡು, ಹಿಡಿಯ ಮೇಲೆ ಬೆರಳಾಡಿಸಿ ನಿಟ್ಟುಸಿರಿಟ್ಟಳು.

"ಕೊಳ್ಳೋದೇ ಆಗಿದ್ರೆ ಕಿಟ್ಟು ಅವರ ಥರ ನೋಡಿ ಆರಿಸಬಾರದಿತ್ತಾ? ಅವರದ್ದು ಎಷ್ಟು ನುಣುಪಾಗಿದೆ!"