ದೂರಿನ ಗಡಿಯಾರ

ಅವಮಾನವನ್ನು ಮರೆತುಬಿಡಬೇಕೆಂದು ಉಪದೇಶಿಸುವವರು ಬಹುಮಟ್ಟಿಗೆ ಅವಮಾನ ಮಾಡಿದವರೇ ಆಗಿರುತ್ತಾರೆಂಬುದು ನನ್ನ ಅನುಭವ. ಬಡಾವಣೆಯ ದೂರುಗಳನ್ನು ದಾಖಲಿಸಲೆಂದು ನಾನು ಮಾಡಿಸಿದ ಮೊಬೈಲ್ ಆ್ಯಪನ್ನು ಕುರಿತು ನಮ್ಮ ಜೆ.ಪಿ. ನಗರದ ಸಂಘದ ಕಾರ್ಯದರ್ಶಿ ನಂಜುಂಡಯ್ಯನವರು, "ಹತ್ತು ನಿಮಿಷಕ್ಕೇ ಮಲಗ್ಬಿಡುತ್ತಲ್ಲ ಸಾರ್, ನಮ್ಮ ಹಳೇ ರಿಜಿಸ್ಟರೇ ವಾಸಿ" ಎಂದರು. ಎದುರಿಗೆ ಆರು ಜನರಿದ್ದರು. ಅವರಲ್ಲಿ ಇಬ್ಬರು ನಕ್ಕರು. ಭಾನುವಾರದ ಸಭೆಯಲ್ಲೂ ಅದು ಮಲಗಿದರೆ ರಿಜಿಸ್ಟರಿಗೇ ಮರಳುವುದೆಂದು ತೀರ್ಮಾನವಾಯಿತು.

ಆ್ಯಪ್ ಬರೆದವಳು ಬಿಳೇಕಹಳ್ಳಿಯಲ್ಲಿರುವ ನನ್ನ ತಮ್ಮನ ಮಗಳು ವಸುಧಾ. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಬಂದಳು. ನಾನು ಫೋನಿನಲ್ಲಿ ದೂರುಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತ ಹೋದೆ; ಫೋನಿನ ಮೆಮೊರಿ ಎಷ್ಟು ತುಂಬಿದೆಯೆಂದು ತೋರಿಸುವ ಗೆರೆಯೊಂದು ಅವಳ ಪರದೆಯಲ್ಲಿ ಪ್ರತಿ ಸಲವೂ ಮೇಲೇರಿತೇ ಹೊರತು ಇಳಿಯಲಿಲ್ಲ.

"ಮೆಮೊರಿ ಲೀಕ್ ದೊಡ್ಡಪ್ಪ. ರಾಮನವಮಿ ಕಚೇರೀಲಿ ಕುರ್ಚಿ ಮೇಲೆ ಕರ್ಚೀಫ್ ಹಾಕ್ತಾರಲ್ಲ, ಹಾಗೆ. ಆಸಾಮಿ ಮನೆಗೆ ಹೋದ್ರೂ ಕರ್ಚೀಫ್ ತೆಗ್ದಿಲ್ಲ. ಕುರ್ಚಿ ಖಾಲಿ, ಆದ್ರೆ ಯಾರೂ ಕೂರೋ ಹಾಗಿಲ್ಲ."

ಕರ್ಚೀಫಿನ ಒಡೆಯನನ್ನು ಹುಡುಕುವ ಕೆಲಸ ಇಷ್ಟು ರುಚಿಕರವಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಮುಚ್ಚಿದ ಪುಟವನ್ನು ಹಿಡಿದುಕೊಂಡಿರುವುದು ಯಾವುದು, ಅದನ್ನು ಹಿಡಿದುಕೊಂಡಿರುವುದು ಯಾವುದು ಎಂದು ಎಳೆ ಹಿಡಿದು ಹೋದೆವು. ಮೊದಲ ಅನುಮಾನ ಫೋಟೊಗಳ ಮೇಲೆ. ರಸ್ತೆಯ ಒಂದೇ ಗುಂಡಿಯನ್ನು ಹನ್ನೊಂದು ಕೋನಗಳಿಂದ ತೆಗೆದು ಹಾಕಿದ್ದ ಎದುರುಮನೆಯವರನ್ನು ಮನಸ್ಸಿನಲ್ಲೇ ಬೈದೆ. ಫೋಟೊಗಳು ನಿರ್ದೋಷಿಗಳೆಂದು ಸಾಬೀತಾಯಿತು. ಬೈಗುಳವನ್ನು ಮಾತ್ರ ನಾನಿನ್ನೂ ಹಿಂತೆಗೆದುಕೊಂಡಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಗಡಿಯಾರ. ದೂರು ಕೊಟ್ಟು ಎಷ್ಟು ದಿನ, ಗಂಟೆ, ನಿಮಿಷ, ಸೆಕೆಂಡು ಕಳೆಯಿತೆಂದು ಪ್ರತಿ ಪುಟದಲ್ಲೂ ಓಡುವಂಥದ್ದು. ಪುಟ ಮುಚ್ಚಿದ ಮೇಲೂ ಅದು ಪುಟವನ್ನು ಬಿಡದೆ ಎಣಿಸುತ್ತಲೇ ಇತ್ತು.

"ಇದನ್ನ ಹಾಕ್ಸಿದ್ದು ಯಾರು ದೊಡ್ಡಪ್ಪ?" ಎಂದಳು, ಉತ್ತರ ಗೊತ್ತಿದ್ದೂ.

ಹಟಹಿಡಿದು ಹಾಕಿಸಿದವನು ನಾನೇ. "ನಿಲ್ಲಿಸ್ಬಿಟ್ರೆ ಎಷ್ಟು ತಡ ಆಯ್ತು ಅಂತ ಎಣಿಸೋರ್ಯಾರಮ್ಮ?"

"ತಾರೀಖು ಬರ್ಕೊಂಡಿದ್ರೆ ಸಾಕು. ಪುಟ ತೆಗ್ದಾಗ ಲೆಕ್ಕ ಹಾಕಿ ತೋರ್ಸುತ್ತೆ. ಇಡೀ ದಿನ ಎಣಿಸ್ತಾ ಕೂರೋದ್ಯಾಕೆ?"

ಪುಟ ಮುಚ್ಚಿದೊಡನೆ ಗಡಿಯಾರ ನಿಲ್ಲುವಂತೆ ಒಂದು ಸಾಲು ಸೇರಿಸಿದಳು. ಗೆರೆ ಇಳಿಯಿತು.

ಭಾನುವಾರ ಒಂದೂವರೆ ಗಂಟೆಯ ಕಾಲ ಆ್ಯಪ್ ಕಣ್ಣು ಮುಚ್ಚಲಿಲ್ಲ. ರಿಜಿಸ್ಟರು ಬೀರು ಸೇರಿತು. ವಂದನಾರ್ಪಣೆಯಲ್ಲಿ ನಂಜುಂಡಯ್ಯನವರು ವಸುಧಾಳಿಗೆ, ಶಾಮಿಯಾನದವರಿಗೆ, ಕಾಫಿ ತಂದವರಿಗೆ ಕೃತಜ್ಞತೆ ಹೇಳಿ ಕುಳಿತರು. ನನ್ನ ಹೆಸರಿರಲಿಲ್ಲ. ನಾನೇನೂ ಕುದಿಯಲಿಲ್ಲ. ವಸುಧಾ ಹೇಳಿಕೊಟ್ಟಂತೆ, ತಾರೀಖನ್ನಷ್ಟೇ ಬರೆದುಕೊಂಡೆ.