ಶ್ರಾವಣದಲ್ಲಿ ನದಿ ದಾಟುವವರಿಗೆ

ಮಾರಾ ನದಿಯ ದಂಡೆಯ ಸಮಸ್ತ ವೈಲ್ಡ್‌ಬೀಸ್ಟ್ ಬಂಧುಗಳಿಗೆ, ಆಫ್ರಿಕಾ ಖಂಡ.

ಮಾನ್ಯರೇ,

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶಂಭುಲಿಂಗನಾದ ನಾನು ಇತ್ತ ಸಕುಟುಂಬ ಕ್ಷೇಮ. ಅತ್ತ ತಾವೂ ಮೊಸಳೆಗಳ ಕೃಪೆಯಿಂದ ಬಹುಪಾಲು ಕ್ಷೇಮವೆಂದು ನಂಬಿದ್ದೇನೆ. ಕೊಂಬು-ಗಡ್ಡ ಸಮೇತ ತಾವು ಹೊಸ ಹುಲ್ಲು ಹುಡುಕುತ್ತ ಹಿಂಡುಗಟ್ಟಿ ನದಿಗೆ ಧುಮುಕುವುದನ್ನು ನನ್ನ ಹೆಂಡತಿ ಮರುಳಸಿದ್ದಮ್ಮ ಮದುವೆಯಾದ ಹೊಸದರಲ್ಲಿ ಟೀವಿಯಲ್ಲಿ ನೋಡಿ, ಒಮ್ಮೆ ಕಣ್ಣಾರೆ ತೋರಿಸಿರೆಂದು ಕೇಳಿದ್ದಳು. ತೋರಿಸುವ ಆಸೆ ನನಗೂ ನಿಜವಾಗಿ ಇದೆ. ಆದರೆ ಈಗ ಅವಳ ಮಂಡಿ ಅಲ್ಲಿ ಕಾಡು ಸುತ್ತಿಸುವ ಜೀಪು ಹತ್ತಲು ತಕರಾರು ಮಾಡತೊಡಗಿದ್ದು, ಇದಕ್ಕೆ ತಾವೇ ಹೊಣೆಯೆಂದು ತಿಳಿಸಲು ವಿಷಾದಿಸುತ್ತೇನೆ.

ತಮ್ಮ ಹಂಗಾಮು ಜುಲೈಯಿಂದ ಅಕ್ಟೋಬರ್ ಎಂದು ಕೇಳಿ ಮೊದಲು ಹಿಗ್ಗಿದೆ, ಏಕೆಂದರೆ ಆಗ ಗಿರಣಿಗೆ ಭತ್ತ ಬರುವುದಿಲ್ಲ. ಪಂಚಾಂಗ ತೆಗೆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಷಾಢದಲ್ಲಿ ನಮ್ಮ ಮನೆಯವರು ದೂರ ಪ್ರಯಾಣ ಹೊರಡುವುದಿಲ್ಲ, ಶ್ರಾವಣದಲ್ಲಿ ಸೋಮವಾರಗಳಿವೆ, ಭಾದ್ರಪದದಲ್ಲಿ ಗಣಪ ಬರುತ್ತಾನೆ, ಅವನು ಹೋದಮೇಲೆ ತೀರಿಕೊಂಡ ಹಿರಿಯರು ಊಟಕ್ಕೆ ಬರುತ್ತಾರೆ, ನವರಾತ್ರಿಯ ದೀಪ ಹಾಕಿದ ಮನೆಗೆ ಬೀಗ ಹಾಕುವಂತಿಲ್ಲ. ದೀಪಾವಳಿ ಮುಗಿಸಿ ನಾನು ಅಂಗಿ ಇಸ್ತ್ರಿ ಮಾಡಿಸುವ ಹೊತ್ತಿಗೆ ತಾವು ದಾಟಿ, ಮೇದು, ವಾಪಸು ಹೋಗಿರುತ್ತೀರಿ. ಇಷ್ಟು ಅಚ್ಚುಕಟ್ಟಾಗಿ ತಪ್ಪಿಸಿಕೊಳ್ಳುವ ಜಾಣತನವನ್ನು ನಾನು ನಮ್ಮ ಬೀಗರಲ್ಲೂ ಕಂಡಿಲ್ಲ.

ಹೊಸಪೇಟೆಯ ಟ್ರಾವೆಲ್ಸ್ ಕಚೇರಿಯ ಕಾವ್ಯಳನ್ನು ನಾನು ಕೇಳಿದ್ದು ಒಂದೇ: ಆ ನದಿಗೆ ಗೇಟು ತೆಗೆಯುವ ದಿನ ಯಾವುದು? ಡ್ಯಾಮಿನ ಗೇಟು ತೆಗೆದರೆಂದು ಗೊತ್ತಾದರೆ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೊರಡುವ ಜನ ನಾವು. ನದಿಯೆಂದಮೇಲೆ ಗೇಟು, ಗೇಟಿಗೊಂದು ನೀರಾವರಿ ಸಭೆ, ಸಭೆಗೊಂದು ತಾರೀಖು ಇರಲೇಬೇಕಲ್ಲ. ಆ ಹುಡುಗಿ ನಗು ತಡೆದುಕೊಂಡು, ಅಲ್ಲಿ ಗೇಟೇ ಇಲ್ಲ, ಅವು ದಂಡೆಯ ಮೇಲೆ ನಿಂತು ಯೋಚಿಸುತ್ತವೆ, ಒಂದು ಧುಮುಕಿದರೆ ಉಳಿದವೂ ಧುಮುಕುತ್ತವೆ ಎಂದಳು. ಸಭೆಯಿಲ್ಲದೆ ಇಷ್ಟು ದೊಡ್ಡ ಕಾರ್ಯಕ್ರಮ ನಡೆಸುವ ತಮ್ಮ ಧೈರ್ಯಕ್ಕೆ ಕೈ ಮುಗಿಯುತ್ತೇನೆ.

ಆದ್ದರಿಂದ, ಶಿವರಾತ್ರಿ ಮುಗಿದು ಬೇಸಿಗೆಯ ಭತ್ತ ಗಿರಣಿಗೆ ಬರುವ ಮೊದಲು, ಅಮಾವಾಸ್ಯೆ, ಮಂಗಳವಾರ ಮತ್ತು ರಾಹುಕಾಲ ಬಿಟ್ಟು, ತಾವು ಒಮ್ಮೆ ದಾಟಿಕೊಡಬೇಕಾಗಿ ಕೋರುತ್ತೇನೆ. ಆಗ ಅಲ್ಲಿ ಹುಲ್ಲಿಲ್ಲದಿದ್ದರೆ ನಮ್ಮ ಗಿರಣಿಯ ತೌಡು ಕಳಿಸುವ ಏರ್ಪಾಡು ನನ್ನದು. ಮೊಸಳೆಗಳಿಗೂ ಒಂದು ಮಾತು ಹೇಳಿಟ್ಟಿರಿ.

ತಮ್ಮ ವಿಶ್ವಾಸಿ,
ಶಂಭುಲಿಂಗ, ಕಂಪ್ಲಿ

ತಾ.ಕ.: ಅಂಚೆಗೆ ಹಾಕುವ ಮೊದಲು ಇದನ್ನು ಹೆಂಡತಿಗೆ ಓದಿ ಹೇಳಿದೆ, ಮೆಚ್ಚುತ್ತಾಳೆಂದುಕೊಂಡು. ಅವಳು, "ಅವು ಭಾಳ ಅಂದ್ರ ನಾಕು ದಿನ ದಂಡಿ ಮ್ಯಾಲೆ ನಿಂದರ್ತಾವ. ನೀವು ಮದುವಿ ಆದಾಗಿಂದ ನಿಂತೀರಿ" ಎಂದಳು. ಬರುವ ಶ್ರಾವಣಕ್ಕೇ ತನಗೂ ತಂಗಿ ಅನುಸೂಯಾಗೂ ಟಿಕೆಟ್ ಮಾಡಿಸಿಯಾಗಿದೆಯಂತೆ. ಸೋಮವಾರದ ಪೂಜೆ ನನ್ನ ಪಾಲಿಗೆ. ಜೀಪಿನಲ್ಲಿ ಹಣೆತುಂಬ ವಿಭೂತಿಯ ಹೆಂಗಸೊಬ್ಬಳು ಕಂಡರೆ ದಯವಿಟ್ಟು ಯೋಚಿಸುತ್ತ ನಿಲ್ಲಬೇಡಿ. ಅದನ್ನು ಅವಳು ಮನೆಯಲ್ಲೇ ಸಾಕಷ್ಟು ನೋಡಿದ್ದಾಳೆ.