ಏಳಕ್ಕೂ ಹದಿನೇಳು, ಹತ್ತೊಂಬತ್ತಕ್ಕೂ ಹದಿನೇಳು

ದಿನಪತ್ರಿಕೆಯ ಕ್ರೀಡಾಪುಟದಲ್ಲಿ ಪ್ರತಿ ಸೋಮವಾರ ರೇಸ್ ಕಾರಿನ ಚಾಲಕರಿಗೆ ಅಂಕ ಹಾಕುವ ಪಂಡಿತರಿಗೆ, ಒಬ್ಬ ಬೇಕರಿ ಅಳಿಯನ ಬಹಿರಂಗ ಪತ್ರ

ಮಾನ್ಯರೇ,

ತಾವು, ತಮ್ಮ ಲೇಖನಿ, ಮತ್ತು ಆ ಲೇಖನಿಯಿಂದ ವಾರಕ್ಕೊಮ್ಮೆ ಉದುರುವ ಅಂಕಗಳು, ಈ ಮೂವರೂ ಕ್ಷೇಮವೆಂದು ನಂಬಿ ಸಾವಿರ ವಂದನೆಗಳೊಂದಿಗೆ ಆರಂಭಿಸುತ್ತೇನೆ. ಇತ್ತ ನಾನು ಕ್ಷೇಮವೋ ಅಲ್ಲವೋ ಎಂಬುದು ಮುಂದಿನ ಸೋಮವಾರ ತಮ್ಮಿಂದಲೇ ತಿಳಿಯಬೇಕಾಗಿದೆ.

ಕಳೆದ ಸೋಮವಾರ ತಾವು ತಮ್ಮ ಅಂಕಣದ ಕೊನೆಯಲ್ಲಿ, ಜಾಗ ಉಳಿಯಿತೆಂದು ತುಂಬಿಸಿದವರ ಹಾಗೆ, ‘ಏಳನೇ ನಂಬರಿನ ಚಾಲಕ ಈ ಋತು ಮುಗಿದ ಮೇಲೆ ನಿವೃತ್ತನಾಗುತ್ತಿದ್ದಾನೆ’ ಎಂದು ಒಂದು ಸಾಲು ಬರೆದಿರಿ. ಓದುಗರು ಅದನ್ನು ಓದಿ ಅಯ್ಯೋ ಎಂದು ಪುಟ ತಿರುಗಿಸಿರಬಹುದು. ನಮ್ಮ ಮನೆಯಲ್ಲಿ ಮಾತ್ರ ಆ ಒಂದು ಸಾಲಿನಿಂದ ಬ್ರೆಡ್ ವ್ಯಾನಿನ ಕೀ ಶಾಶ್ವತವಾಗಿ ನನ್ನ ಕೈತಪ್ಪುವ ಪರಿಸ್ಥಿತಿ ಬಂದಿದೆ. ಹೇಗೆಂದು ವಿನಯದಿಂದ ವಿವರಿಸಲು ಅಪ್ಪಣೆಯಾಗಲಿ.

ನಾನು ನನ್ನ ಮಾವನ ಬೇಕರಿಯಲ್ಲಿ ಹಿರಿಯ ಅಳಿಯ. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅದೇ ಬೇಕರಿಯಲ್ಲಿ ಕಿರಿಯ ಅಳಿಯ. ಅಳಿಯಂದಿರು ಇಬ್ಬರು, ವ್ಯಾನು ಒಂದೇ. ಇಪ್ಪತ್ತೆಂಟು ವರ್ಷ ತಾವೇ ವ್ಯಾನ್ ಓಡಿಸಿದ ಮಾವನಿಗೆ ಕಣ್ಣಿನ ಡಾಕ್ಟರು ‘ಇನ್ನು ಸಾಕು’ ಎಂದ ದಿನ ಅವರು ಕೀಯನ್ನು ಒಲೆಯ ಪಕ್ಕದ ಮೊಳೆಗೆ ನೇತುಹಾಕಿ, ಇಬ್ಬರನ್ನೂ ನೋಡಿ, ಯಾರಿಗೂ ಕೊಡದೆ ಪೇಪರ್ ಬಿಡಿಸಿಕೊಂಡು ಕೂತರು. ಬಿಡಿಸಿದ ಪುಟದಲ್ಲಿ ತಾವಿದ್ದಿರಿ.

ತಾವು ಅಂದು ಏಳನೇ ನಂಬರನ್ನೂ ಹತ್ತೊಂಬತ್ತನೇ ನಂಬರನ್ನೂ ತಕ್ಕಡಿಗೆ ಹಾಕಿದ್ದಿರಿ. ಹತ್ತೊಂಬತ್ತು ಒಂದೇ ತಿರುವಿನಲ್ಲಿ ಮೂವರನ್ನು ಹಿಂದೆ ಹಾಕುವವನು, ಸೋತರೆ ಹೆಲ್ಮೆಟ್ಟನ್ನು ಎಲ್ಲಿಗೆ ಎಸೆಯುತ್ತಾನೋ ಎಂದು ಮೆಕ್ಯಾನಿಕ್‌ಗಳು ಗೋಡೆಗೆ ಅಂಟಿ ನಿಲ್ಲುವಂಥವನು. ಆದ್ದರಿಂದ ಪ್ರತಿಭೆಗೆ ಹತ್ತು, ಸ್ವಭಾವಕ್ಕೆ ಆರು. ಏಳು ಟೈರನ್ನು ತೊಟ್ಟಿಲ ಮಗುವಿನಂತೆ ನೋಡಿಕೊಂಡು, ಮಳೆಯಲ್ಲೂ ನಾಡಿ ಏರದೆ, ಎರಡನೆಯವನಾಗಿ ಬಂದು ‘ಕಾರು ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಮನೆಗೆ ಹೋಗುವವನು. ಆದ್ದರಿಂದ ಪ್ರತಿಭೆಗೆ ಎಂಟು, ಸ್ವಭಾವಕ್ಕೆ ಒಂಬತ್ತು. ಮಾವ ಭೂತಗನ್ನಡಿ ಇಳಿಸಿ, ‘ಅಲ್ರೀ, ಇವ್ರು ನಮ್ಮನೆ ಅಳಿಯಂದಿರನ್ನ ಎಲ್ಲಿ ನೋಡಿದ್ರು?’ ಎಂದರು.

ಅವರ ಮಾತಿನಲ್ಲಿ ಸತ್ಯವಿತ್ತು. ನಾಯಿಗೆ ದಾರಿ ಬಿಟ್ಟು, ಅದರ ಹಿಂದೆ ಇನ್ನೊಂದು ನಾಯಿ ಬರಬಹುದೆಂದು ಕಾಯುವವನು ನಾನು. ಹಳದಿ ದೀಪ ತನ್ನನ್ನು ಸ್ವಾಗತಿಸಲೆಂದೇ ಹೊತ್ತಿಸಿದ್ದೆಂದು ತಿಳಿದು ನುಗ್ಗುವವನು ಷಡ್ಡಕ. ನಾನು ಹೋದ ದಿನ ಬ್ರೆಡ್ಡು ತಣ್ಣಗಾಗಿ ತಲುಪುತ್ತಿತ್ತು. ಅವನು ಹೋದ ದಿನ ಬಿಸಿಯಾಗಿಯೇ ತಲುಪುತ್ತಿತ್ತು, ಆದರೆ ಉದ್ದವಾಗಿ ಹೊರಟದ್ದು ಗುಂಡಗಾಗಿರುತ್ತಿತ್ತು. ವ್ಯಾನಿನ ಬೆನ್ನಿಗೆ ‘ಹಿಂದಿನವರೇ, ಹಾರನ್ ಸಾಕು, ಮುಂದಿದೆ ಗುಂಡಿ, ಒಳಗಿದೆ ಕೇಕು’ ಎಂದು ಪ್ರಾಸ ಕಟ್ಟಿ ಬರೆಸಿದವನು ನಾನೇ. ಷಡ್ಡಕ ಓಡಿಸುವಾಗ ಅದನ್ನು ಓದುವಷ್ಟು ಹತ್ತಿರ ಯಾರಿಗೂ ಬರಲಾಗುವುದಿಲ್ಲ ಎಂಬುದು ಬೇರೆ ವಿಷಯ.

ಅಂದಿನಿಂದ ಮನೆಯಲ್ಲಿ ಕಾನೂನಾಯಿತು: ನಾನು ಏಳು, ಅವನು ಹತ್ತೊಂಬತ್ತು, ತಮ್ಮ ಅಂಕಗಳನ್ನು ಕೂಡಿ, ಹೆಚ್ಚು ಬಂದವರಿಗೆ ಆ ವಾರದ ಕೀ, ಕಡಿಮೆ ಬಂದವರಿಗೆ ಒಲೆಕೋಣೆ. ರೇಸಿಲ್ಲದ ವಾರ ಹಳೆಯ ಅಂಕವೇ ಚಾಲ್ತಿ. ಒಲೆಕೋಣೆಯೆಂದರೆ ಹಿಟ್ಟು ಜರಡಿ ಹಿಡಿಯುವುದು, ಕೇಕಿನ ಮೇಲೆ ಹೆಸರು ಬರೆಯುವುದು. ಷಡ್ಡಕ ಆ ಕೆಲಸವನ್ನೂ ರೇಸೆಂದೇ ಭಾವಿಸುವುದರಿಂದ ಹುಟ್ಟುಹಬ್ಬದ ಮಕ್ಕಳ ಹೆಸರಿನ ಕೊನೆಯ ಅಕ್ಷರ ಸಾಮಾನ್ಯವಾಗಿ ಡಬ್ಬದ ಮೇಲಿರುತ್ತದೆ. ನನಗೋ, ಬೆಳಗಿನ ಖಾಲಿ ರಸ್ತೆಯಲ್ಲಿ ಬಿಸಿ ಬ್ರೆಡ್ಡಿನ ವಾಸನೆಯ ನಡುವೆ ಯಾರೂ ನನ್ನಿಂದ ಏನನ್ನೂ ಕೇಳದ ಆ ಎರಡು ಗಂಟೆಗಳೇ ದಿನದ ಸಾರ. ಉಳಿದದ್ದೆಲ್ಲ ಬರೀ ಸಂಸಾರ.

ಹದಿನಾಲ್ಕು ವಾರ ತಮ್ಮ ನ್ಯಾಯದಾನ ಸಾಗಿತು. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಫಲಿತಾಂಶದ ಪಟ್ಟಿಯ ಮುಂದೆ ನಿಂತ ವಿದ್ಯಾರ್ಥಿಗಳಂತೆ ನಿಲ್ಲುತ್ತಿದ್ದೆವು. ಹೀಗಿರಲು ಒಂದು ವಾರ ತಾವು ಏಳನೇ ನಂಬರಿನ ಬಗ್ಗೆ, ‘ಇದು ಶಾಂತಿಯಲ್ಲ, ಹಸಿವೆಯ ಕೊರತೆ’ ಎಂದು ಬರೆದು ಸ್ವಭಾವದಲ್ಲಿ ಎರಡು ಅಂಕ ಕಿತ್ತುಕೊಂಡಿರಿ. ಜಗತ್ತಿನಲ್ಲಿ ನನಗಿದ್ದ ಆಸ್ತಿ ಸ್ವಭಾವ ಒಂದೇ, ಮಾನ್ಯರೇ. ಅದಕ್ಕೇ ತಾವು ಕೈ ಹಾಕಿದಿರಿ. ಅಂದಿನಿಂದ ನಾನು ಕೋಪವನ್ನು ಅಭ್ಯಾಸ ಮಾಡತೊಡಗಿದೆ. ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿದೆ, ಮರುವಾರ ಕೀ ಮರಳಿ ಬಂದಾಗ ಸ್ಟೇರಿಂಗಿಗೆ ಗುದ್ದಿದೆ, ಸಿಗ್ನಲ್ಲಿನಲ್ಲಿ ಒಬ್ಬ ಸೈಕಲ್ಲಿನವರಿಗೆ ‘ಏಯ್’ ಎಂದೆ. ಅವರು ತಿರುಗಿ ನೋಡಿದ್ದಕ್ಕೆ ‘ನಿಮಗಲ್ಲ ಸಾರ್’ ಎಂದೆ. ನನ್ನ ಹೆಂಡತಿ ನಾಲ್ಕು ದಿನ ನೋಡಿ ಐದನೆಯ ದಿನ, ‘ಕೋಪ ಮಾಡ್ಕೊಂಡ್ರೆ ನೀವು ಹೊಟ್ಟೆನೋವು ಬಂದವರ ಥರ ಕಾಣ್ತೀರಿ, ಜೀರಿಗೆ ನೀರು ಕೊಡ್ಲಾ?’ ಎಂದಳು.

ಅತ್ತ, ನನ್ನ ಅಂಕ ಕಿತ್ತುಕೊಂಡ ವಾರವೇ ತಾವು ಹತ್ತೊಂಬತ್ತರಲ್ಲಿ ‘ಹೊಸದೊಂದು ಪಕ್ವತೆ’ ಕಂಡು ಅಂಕ ಏರಿಸಿದ್ದರಿಂದ ಷಡ್ಡಕ ಪಕ್ವವಾಗತೊಡಗಿದ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಮೇಲೂ ಕಣ್ಣು ಮುಚ್ಚಿ ಇಪ್ಪತ್ತರವರೆಗೆ ಎಣಿಸುತ್ತಿದ್ದ. ಕಣ್ಣು ಬಿಡುವಾಗ ಮತ್ತೆ ಕೆಂಪು. ಊರಿನ ಅಂಗಡಿಯವರು ವ್ಯಾನ್ ತಡವಾದರೆ ನಾನೆಂದೂ ಮೊದಲೇ ಬಂದರೆ ಅವನೆಂದೂ ತಿಳಿದಿದ್ದವರು, ಈಗ ಇಳಿದವರ ಮುಖ ನೋಡಿ ಬೆಚ್ಚತೊಡಗಿದರು.

ಹೀಗೆ ಎರಡು ವಾರ ಕಳೆದ ಸೋಮವಾರ ತಾವು ಇಬ್ಬರಿಗೂ ಹದಿನೇಳು ಕೊಟ್ಟಿರಿ. ಏಳಕ್ಕೂ ಹದಿನೇಳು, ಹತ್ತೊಂಬತ್ತಕ್ಕೂ ಹದಿನೇಳು. ಮಾವ ಮೂರು ಸಲ ಕೂಡಿದರು. ನಮ್ಮ ಕಾನೂನಿನಲ್ಲಿ ಇದಕ್ಕೆ ಕಲಮು ಇರಲಿಲ್ಲ. ಕೊನೆಗೆ ಅವರು, ‘ಸರಿಸಮ ಅಂದ್ಮೇಲೆ ಇಬ್ರೂ ಹೋಗಿ. ಸೇತುವೆವರೆಗೆ ದೊಡ್ಡೋರು, ಅಲ್ಲಿಂದ ಚಿಕ್ಕೋರು. ನಾನೂ ಬರ್ತೀನಿ, ಕೇಕ್ ಹಿಡ್ಕೊಳ್ಳೋಕೆ’ ಎಂದು ತೀರ್ಪಿತ್ತರು. ಅಂದು ಒಂದು ಹಿರಿಯ ದಂಪತಿಯ ಮದುವೆಯ ಐವತ್ತನೇ ವರ್ಷಕ್ಕೆ ನಾಲ್ಕು ಅಂತಸ್ತಿನ ಕೇಕು ಹೋಗಬೇಕಿತ್ತು, ಮೇಲೆ ಸಕ್ಕರೆಯ ಐದು, ಸಕ್ಕರೆಯ ಸೊನ್ನೆ.

ಸೇತುವೆಯ ಏರಿನಲ್ಲಿ ನಾನು ವ್ಯಾನ್ ನಿಲ್ಲಿಸಿದೆ. ರೇಸಿನಲ್ಲಿ ಟೈರ್ ಬದಲಿಸುವವರ ಚುರುಕಿನಲ್ಲೇ ಚಾಲಕರ ಬದಲಾವಣೆಯಾಗಬೇಕೆಂದು ಮಾವ ಹಿಂದಿನಿಂದ ‘ಒಂದು, ಎರಡು’ ಎಂದು ಎಣಿಸುತ್ತಿದ್ದರು. ನಾನು ಹಸಿವೆಯನ್ನು ತೋರಿಸಲು ನನ್ನ ಬಾಗಿಲನ್ನು ದಢಾರನೆ ಬಡಿದೆ. ಆ ದಢಾರಿಗೆ ಷಡ್ಡಕನ ಪಕ್ವತೆ ಅರೆಗಳಿಗೆ ಮರೆತುಹೋಗಿ, ಅವನೂ ತನ್ನ ಬಾಗಿಲನ್ನು ದಢಾರನೆ ಬಡಿದ. ಎರಡು ಬಾಗಿಲೂ ಒಟ್ಟಿಗೆ ಬಡಿದರೆ ಆ ಹಳೇ ವ್ಯಾನಿನ ಲಾಕು ತಾನಾಗಿ ಬೀಳುತ್ತದೆಂದು ನಮಗೆ ಗೊತ್ತಾದದ್ದು ಆಗಲೇ. ಏಕೆಂದರೆ ಅಲ್ಲಿಯವರೆಗೆ ನಾವಿಬ್ಬರೂ ಒಟ್ಟಿಗೆ ವ್ಯಾನಿನಿಂದ ಇಳಿದದ್ದೇ ಇಲ್ಲ. ಕೀ ಒಳಗೆ, ಮಾವ ಒಳಗೆ, ಏರಿನಲ್ಲಿ ಹಿಂದಕ್ಕೆ ಒರಗುತ್ತಿದ್ದ ನಾಲ್ಕು ಅಂತಸ್ತು ಮಾವನ ಎರಡೂ ಕೈಯ ಒಳಗೆ.

ಹದಿನೆಂಟು ವರ್ಷ ನಮ್ಮನ್ನು ‘ಅಳಿಯಂದಿರೇ’ ಎಂದೇ ಕರೆದ ಹಿರಿಯರು, ‘ಬಾಗಿಲು ತೆಗೀರೋ!’ ಎಂದರು. ‘ಕೀ ಒಳಗಿದೆ, ನೀವೇ ತೆಗೀರಿ ಮಾವ!’ ಎಂದೆವು. ‘ಕೈಲಿ ಕೇಕಿದೆ ಕಣ್ರೋ, ಕಾಲಲ್ಲಿ ತೆಗೀಲಾ?’ ಎಂದರು.

ಮಾನ್ಯರೇ, ಅಲ್ಲಿ ತಾವು ಇರಬೇಕಿತ್ತು. ಪ್ರತಿಭೆ, ಸ್ವಭಾವ ಎರಡನ್ನೂ ಒಂದೇ ಕಿಟಕಿಯಲ್ಲಿ ನೋಡಿ ಅಂಕ ಹಾಕಬಹುದಿತ್ತು. ಎರಡು ವಾರ ಕಷ್ಟಪಟ್ಟು ಕಲಿತ ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ. ನಾನು ಗಾಜಿನ ಸಂದಿಗೆ ಬಾಯಿಟ್ಟು, ‘ಬಲಗೈ ಹಾಗೇ ಇರ್ಲಿ ಮಾವ. ಎಡಗೈ ಒಂದು ಬೆರಳು ಮೇಲೆ. ಉಸಿರು ಬಿಡಿ. ಕೇಕಿನ ಮೇಲಲ್ಲ, ಆ ಕಡೆ’ ಎಂದು ಲಾಲಿ ಹಾಡುವ ದನಿಯಲ್ಲಿ ಹೇಳುತ್ತಲೇ ಇದ್ದೆ. ಕಣ್ಣು ಮುಚ್ಚಿ ಇಪ್ಪತ್ತರವರೆಗೆ ಎಣಿಸಲು ಹೊರಟಿದ್ದ ಷಡ್ಡಕ ಆರಕ್ಕೇ ನಿಲ್ಲಿಸಿ, ಬ್ರೆಡ್ ಟ್ರೇ ಕೊಡುವ ಪಕ್ಕದ ಕಿಂಡಿಗೆ ತಲೆ ತೂರಿಸಿದ. ಆ ಕಿಂಡಿಯಲ್ಲಿ ಟ್ರೇಯೇ ಓರೆಯಾಗಿ ಹೋಗಬೇಕು. ಅವನು ಹೇಗೆ ಹೋದನೆಂದು ನನಗೆ ಇಂದಿಗೂ ತಿಳಿದಿಲ್ಲ, ಅವನಿಗೂ ತಿಳಿದಿಲ್ಲ. ಮಾವನನ್ನಾಗಲಿ ಕೇಕನ್ನಾಗಲಿ ಸೋಕದೆ ಅವರ ತಲೆಯ ಮೇಲಿಂದ ಹಾದು ಮುಂದಿನ ಸೀಟಿಗೆ ಬಿದ್ದ.

ಕೇಕು ಸಮಯಕ್ಕೆ ಸರಿಯಾಗಿ ತಲುಪಿತು. ಸೊನ್ನೆ ಮಾತ್ರ ಮಾವನ ಮೊಣಕೈಗೆ ಅಂಟಿಕೊಂಡಿದ್ದರಿಂದ ಮೇಲೆ ಬರೀ ಐದು ಉಳಿದಿತ್ತು. ಆ ಮನೆಯ ಅಜ್ಜಿ ಅದನ್ನು ನೋಡಿ ಗಂಡನ ಕಡೆ ತಿರುಗಿ, ‘ಐದೇ ಆಗಿದ್ದಿದ್ರೆ ಇನ್ನೂ ಯೋಚನೆ ಮಾಡ್ಬಹುದಿತ್ತು’ ಎಂದರು.

ಹಿಂದಿರುಗುವಾಗ ಮಾವ ಹಿಂದೆ ನಿದ್ದೆ ಹೋದರು. ಮುಂದಿನ ಎರಡು ಸೀಟಿನಲ್ಲಿ ಅಕ್ಕಪಕ್ಕ ಕೂತ ನಾವಿಬ್ಬರೂ ಮೊದಲ ಬಾರಿಗೆ ಮಾತಿಗಿಳಿದು, ಮಳೆಯಲ್ಲಿ ಏಳು ಹೆಚ್ಚೋ ಹತ್ತೊಂಬತ್ತು ಹೆಚ್ಚೋ ಎಂದು ಬೇಕರಿ ಬರುವವರೆಗೂ ಜಗಳವಾಡಿದೆವು. ಯಾರೂ ಏನೂ ಕೇಳದ ಎರಡು ಗಂಟೆಗಳಿಗಿಂತ, ಒಬ್ಬನು ಬಿಡದೆ ಕೇಳುವ ಎರಡು ಗಂಟೆಗಳು ಬೇಗ ಕಳೆಯುತ್ತವೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ತಾವು ಇನ್ನೆರಡು ವಾರ ಸರಿಸಮ ಕೊಟ್ಟಿರಿ. ಆ ವಾರಗಳಲ್ಲಿ ಬ್ರೆಡ್ಡು ಬೆಚ್ಚಗೂ ಇತ್ತು, ಉದ್ದವಾಗಿಯೂ ಇತ್ತು. ಉಳಿದ ಸೋಮವಾರಗಳಲ್ಲಿ ಗೆದ್ದವನು ಕೀಯನ್ನು ಮೊಳೆಯಿಂದ ತೆಗೆಯುವಾಗ ಸೋತವನ ಮುಖ ನೋಡುತ್ತಿರಲಿಲ್ಲ. ಹಿಂದೆಲ್ಲ ನೋಡಿಯೇ ತೆಗೆಯುತ್ತಿದ್ದ.

ಇಷ್ಟರಲ್ಲಿ ಬಂತು ತಮ್ಮ ಆ ಒಂದು ಸಾಲು. ಮಾವ ಅದನ್ನು ಗಟ್ಟಿಯಾಗಿ ಓದಿ, ‘ಏಳೇ ಇಲ್ಲ ಅಂದ್ಮೇಲೆ ಹೋಲಿಸೋದು ಯಾರನ್ನ? ಹೊಸ ಋತುವಿನ ಮೊದಲನೇ ಅಂಕ ಬಂದ ದಿನ ಕೀ ಚಿಕ್ಕೋರಿಗೆ, ಖಾಯಂ’ ಎಂದರು. ಷಡ್ಡಕ ಕುಣಿಯುತ್ತಾನೆಂದು ನಾನು ಜರಡಿ ಕೆಳಗಿಟ್ಟು ಕಾದೆ. ಅವನು ಹಿಟ್ಟಿನ ಮೂಟೆಯ ಮೇಲೆ ಕೂತು, ಒಂದು ಮಗುವಿನ ಹೆಸರನ್ನು ಕೊನೆಯ ಅಕ್ಷರವೂ ಕೇಕಿನ ಮೇಲೆಯೇ ಬೀಳುವಷ್ಟು ನಿಧಾನವಾಗಿ ಬರೆದು ಮುಗಿಸಿ, ‘ಏಳು ಹೋದ್ರೆ ಹತ್ತೊಂಬತ್ತು ಯಾರನ್ನ ಅಂತ ಹಿಂದೆ ಹಾಕ್ಬೇಕು ಭಾವ? ಖಾಲಿ ರೋಡಲ್ಲಿ ಯಾರು ಬೇಕಾದ್ರೂ ಫಸ್ಟ್ ಬರ್ತಾರೆ’ ಎಂದ.

ಆದ್ದರಿಂದ ನನ್ನ ಕೋರಿಕೆಗಳು. ಮೊದಲನೆಯದಾಗಿ, ತಾವು ಏಳನೇ ನಂಬರಿನ ಮನೆಗೆ ಹೋಗಿ, ಬ್ರೆಡ್ಡಿನ ಹೆಸರಿನಲ್ಲಿ ಅವನ ನಿವೃತ್ತಿಯನ್ನು ನಿಲ್ಲಿಸಬೇಕು. ಅದು ಕಷ್ಟವಾದರೆ ನಿವೃತ್ತಿಯ ನಂತರವೂ ಅವನಿಗೆ ಅಂಕ ಕೊಡುತ್ತಲೇ ಇರಬೇಕು: ತರಕಾರಿ ಅಂಗಡಿಯ ಸಾಲಿನಲ್ಲಿ ಹೇಗೆ ನಿಲ್ಲುತ್ತಾನೆ, ಇಕ್ಕಟ್ಟಿನ ಗಲ್ಲಿಯಲ್ಲಿ ರಿವರ್ಸ್ ಹೇಗೆ ತೆಗೆಯುತ್ತಾನೆ, ಹಿಂದಿನ ಸೀಟಿನಿಂದ ಅತ್ತೆ ದಾರಿ ಹೇಳುವಾಗ ನಾಡಿ ಎಷ್ಟಿರುತ್ತದೆ. ಈ ಮೂರರಲ್ಲಿ ಹತ್ತೊಂಬತ್ತು ಅವನ ಹತ್ತಿರ ಸುಳಿಯಲಾರ.

ಇವು ಯಾವುವೂ ಆಗದಿದ್ದರೆ, ಒಂದೇ ಒಂದು. ಈ ಋತುವಿನ ಕೊನೆಯ ಸೋಮವಾರ ಇಬ್ಬರಿಗೂ ಹದಿನೇಳು ಕೊಡಿ. ಕೊಟ್ಟು, ಏಳನೇ ನಂಬರಿನ ಜೊತೆಯಲ್ಲಿ ತಾವೂ ನಿವೃತ್ತರಾಗಿಬಿಡಿ. ಹೊಸ ಅಂಕ ಬರುವವರೆಗೆ ಹಳೆಯ ಅಂಕವೇ ಚಾಲ್ತಿ ಎಂಬುದು ಮಾವನ ಕಾನೂನು, ಮತ್ತು ಮಾವ ತಮ್ಮ ಕಾನೂನು ಮೀರುವವರಲ್ಲ. ತಮ್ಮ ಮುಂದಿನ ಅಂಕ ಬರುವವರೆಗೂ ನಾನು ಸೇತುವೆಯವರೆಗೆ ಓಡಿಸುತ್ತೇನೆ, ಅಲ್ಲಿಂದ ಅವನು. ಬಾಗಿಲನ್ನು ಒಬ್ಬೊಬ್ಬರಾಗಿಯೇ ಹಾಕುತ್ತೇವೆ.

ಗೆಲುವು ಬೇಡ, ಸೋಲೂ ಬೇಡ, ಪಕ್ಕದ ಸೀಟು ಖಾಲಿ ಬೇಡ ಎಂಬ ಪ್ರಾಸಬದ್ಧ ಪ್ರಾರ್ಥನೆಯೊಂದಿಗೆ,

ತಮ್ಮ ವಿಶ್ವಾಸಿ,
ಏಳನೇ ನಂಬರು
(ಬ್ರೆಡ್ ವ್ಯಾನ್ ವಿಭಾಗ)

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕಲು ಷಡ್ಡಕನೇ ಹೊರಟು ನಿಂತಿರುವುದರಿಂದ, ನಾನು ಬರೆದು ಮುಗಿಸುವ ಮೊದಲೇ ತಮಗೆ ತಲುಪಿದ್ದರೆ ಕ್ಷಮಿಸಬೇಕು. ಇನ್ನೊಂದು. ತಾವು ಕಾರು ಕಲಿತಿಲ್ಲವೆಂದೂ, ಕಚೇರಿಗೆ ಬಸ್ಸಿನಲ್ಲಿ ಬರುವಿರೆಂದೂ, ದಾರಿಯುದ್ದಕ್ಕೂ ಚಾಲಕರ ಸೀಟಿನ ಹಿಂದೆ ನಿಂತು ಯಾವಾಗ ಯಾವ ಗೇರು ಹಾಕಬೇಕೆಂದು ಹೇಳುವಿರೆಂದೂ ನಮ್ಮ ಪೇಪರ್ ಹಾಕುವವರು ತಿಳಿಸಿದರು. ನಮ್ಮ ಮನೆಯವರೆಲ್ಲ ಕೂತು ತಮ್ಮ ಪ್ರತಿಭೆಗೆ ಒಂಬತ್ತು ಕೊಟ್ಟಿದ್ದೇವೆ. ಸ್ವಭಾವದ ಅಂಕವನ್ನು ಆ ಬಸ್ಸಿನ ಚಾಲಕರನ್ನು ಕೇಳಿ ತಿಳಿಸುತ್ತೇವೆ.